ಒಂದೇ ವಿಷಯವನ್ನು ಬಲ್ಲ ವಿದ್ಯಾರ್ಥಿ: ಶ್ರೀನಿವಾಸ ರಾಮಾನುಜನ್

ತ್ರಿಪ್ಲಿಕೇನಿನ ಪಾರ್ಥಸಾರಥಿಸ್ವಾಮಿಯ ದೇವಾಲಯವನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಆ ದೇವಾಲಯಕ್ಕೆ ಬಹುದೂರವಲ್ಲದ ಹನುಮಂತರಾಯನ್ ಕೋಯಿಲ್ ಬೀದಿಯ ಒಂದು ಸಣ್ಣ ಮನೆಯಲ್ಲಿ 1913ನೆಯ ಇಸವಿಯಲ್ಲಿ ಇಪ್ಪತ್ತೈದು ವರ್ಷದ ಯುವಕರೊಬ್ಬರು ತಾಯಿ, ಅಜ್ಜಿ ಮತ್ತು ಪತ್ನಿಯೊಡನೆ ವಾಸವಾಗಿದ್ದರು. ಕಾಗದಕ್ಕೆ ಹಣ ಸಾಲದೆ ಸ್ಲೇಟಿನ ಮೇಲೆ ಲೆಕ್ಕಗಳನ್ನು ಬರೆದು, ಮೊಣಕೈಯಿಂದ ಒರಸಿ, ಕೊನೆಗೆ ದೊರೆತ ಫಲವನ್ನು ಮಾತ್ರ ನೋಟುಪುಸ್ತಕಕ್ಕೆ ಏರಿಸುವುದು ಅವರ ಬಹುಕಾಲದ ರೂಢಿಯಾಗಿತ್ತು. ಕಾಲೇಜಿನ ಮೊದಲನೆಯ ಪರೀಕ್ಷೆಯಲ್ಲಿಯೇ ಎರಡು ಬಾರಿ ಅನುತ್ತೀರ್ಣರಾಗಿದ್ದ ಇವರಿಗೆ, ಅನುತ್ತೀರ್ಣರೆಂದು ತೀರ್ಮಾನಿಸಿದ ಆ ಮದರಾಸು ವಿಶ್ವವಿದ್ಯಾನಿಲಯವೇ ಆ ವರ್ಷ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಡತೊಡಗಿತ್ತು. ಅವರೇ ಗಣಿತಶಾಸ್ತ್ರಜ್ಞ ಶ್ರೀನಿವಾಸ ರಾಮಾನುಜನ್.

ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಯಾವ ಗ್ರೂಪನ್ನು ತೆಗೆದುಕೊಳ್ಳಬೇಕೆಂದು ಉಪಾಧ್ಯಾಯರನ್ನು ಕೇಳುತ್ತಾರೆ. ಗಣಿತವನ್ನು ಬಿಟ್ಟರೆ ಮುಂದೆ ಇಂಜಿನಿಯರಿಂಗಿಗೆ ದಾರಿಯಿಲ್ಲ. ವಾಣಿಜ್ಯವನ್ನು ಹಿಡಿದರೆ ವಿಜ್ಞಾನದ ಬಾಗಿಲು ಮುಚ್ಚುತ್ತದೆ. ಮಗುವಿಗೆ ಪ್ರೀತಿಯಾದ ವಿಷಯವೊಂದು, ಮನೆಯವರು ಬಯಸುವ ಉದ್ಯೋಗ ಇನ್ನೊಂದು. ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಆದರೆ ಈ ಪ್ರಶ್ನೆಯಿಂದಲೇ ನೊಂದು ಬೆಂದ ಮಹನೀಯರೊಬ್ಬರ ಜೀವನವನ್ನು ನೀವು ತಿಳಿದಿರುವುದು ಒಳ್ಳೆಯದು.

ರಾಮಾನುಜನ್ನರು 1887ನೆಯ ಇಸವಿ ಡಿಸೆಂಬರ್ 22ರಂದು ಈರೋಡಿನಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಸಂಸಾರ ಬಡತನದ್ದು. 1897ರಲ್ಲಿ ಪ್ರಾಥಮಿಕ ಪರೀಕ್ಷೆಯಲ್ಲಿ ತಂಜಾವೂರು ಜಿಲ್ಲೆಗೇ ಮೊದಲಿಗರಾಗಿ ತೇರ್ಗಡೆ ಹೊಂದಿ ಅವರು ಟೌನ್ ಹೈಸ್ಕೂಲನ್ನು ಸೇರಿದರು. ಮನೆಯಲ್ಲಿ ಊಟವಸತಿಗಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದಿದ್ದ ಗಣಿತವೆಲ್ಲವೂ ಕೆಲವೇ ದಿನಗಳಲ್ಲಿ ಈ ಬಾಲಕನಿಗೆ ತಿಳಿಯಿತು. ಆ ಕಾಲದಲ್ಲಿ ಅವರು ಎಲ್ಲ ವಿಷಯಗಳಲ್ಲಿಯೂ ಚೆನ್ನಾಗಿ ಓದುತ್ತಿದ್ದ ಹುಡುಗರೇ ಆಗಿದ್ದರೆಂಬುದನ್ನು ಮರೆಯಬಾರದು. ಗಣಿತವೊಂದನ್ನು ಬಿಟ್ಟು ಬೇರೇನೂ ಅವರ ತಲೆಗೆ ಹತ್ತುತ್ತಿರಲಿಲ್ಲವೆಂದು ಹೇಳುವ ಕಥೆಗಳು ನಿಜಕ್ಕೆ ದೂರ.

1903ರಲ್ಲಿ ಅವರ ಕೈಗೆ ಒಂದು ಪುಸ್ತಕ ಬಂದಿತು. ಜಿ. ಎಸ್. ಕಾರ್ ಎಂಬಾತ ಪರೀಕ್ಷಾರ್ಥಿಗಳಿಗಾಗಿ ಸಂಗ್ರಹಿಸಿದ, ಸುಮಾರು ಐದು ಸಾವಿರ ಪ್ರಮೇಯಗಳ ಸಾರಸಂಗ್ರಹ ಅದು. ಸಾಧನೆಗಳು ಅದರಲ್ಲಿ ಹೆಚ್ಚಾಗಿ ಇಲ್ಲ. ಪ್ರಮೇಯಗಳನ್ನು ಮಾತ್ರ ಒಂದರ ಕೆಳಗೊಂದು ಕೊಟ್ಟಿದೆ. ಇನ್ನೊಬ್ಬರಿಗೆ ಅದು ಬರಿಯ ಒಣ ಪಟ್ಟಿಯಾಗಿ ತೋರುತ್ತಿತ್ತು. ರಾಮಾನುಜನ್ನರಾದರೋ ಒಂದೊಂದನ್ನೂ ತಾವೇ ಸಾಧಿಸುತ್ತ ಹೊರಟರು; ಸಾಧಿಸುತ್ತ ಸಾಧಿಸುತ್ತ ಪುಸ್ತಕದಲ್ಲಿಲ್ಲದ ಹೊಸ ಫಲಗಳಿಗೂ ಕೈಹಾಕಿದರು. ಅಲ್ಲಿಂದ ಮುಂದೆ ಬೇರೆ ಯಾವ ಪಾಠವೂ ಅವರಿಗೆ ರುಚಿಸಲಿಲ್ಲ.

1904ರಲ್ಲಿ ಗಣಿತದ ಬಹುಮಾನದೊಡನೆ ಹೈಸ್ಕೂಲನ್ನು ಮುಗಿಸಿ, ವಿದ್ಯಾರ್ಥಿವೇತನವನ್ನೂ ಪಡೆದು ಕುಂಭಕೋಣದ ಸರ್ಕಾರೀ ಕಾಲೇಜಿನಲ್ಲಿ ಎಫ್. ಎ. ತರಗತಿಗೆ ಸೇರಿದರು. ಈ ಎಫ್. ಎ. ಎಂಬುದು ಎರಡು ವರ್ಷದ ವ್ಯಾಸಂಗ, ಬಿ. ಎ.ಗೆ ಹೋಗಬೇಕಾದವರು ಇದನ್ನು ದಾಟಲೇಬೇಕು. ಇಂಗ್ಲಿಷ್, ಗಣಿತ, ಸಂಸ್ಕೃತದಂತಹ ಒಂದು ಭಾಷೆ, ಗ್ರೀಸ್ ರೋಮ್ ದೇಶಗಳ ಚರಿತ್ರೆ, ಶರೀರಶಾಸ್ತ್ರ—ಇವಿಷ್ಟನ್ನೂ ಓದಬೇಕು. ಒಂದರಲ್ಲಿ ಸೋತರೂ ಇಡೀ ಪರೀಕ್ಷೆಯಲ್ಲಿ ಸೋತಂತೆಯೇ. ಈ ಪರೀಕ್ಷೆ ನಮ್ಮ ನಾಡಿಗೂ ಹೊರತಾಗಿರಲಿಲ್ಲ. ಮಂಗಳೂರು, ಬಳ್ಳಾರಿಗಳು ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿಯೇ ಇದ್ದವು. ನಮ್ಮ ಹಿರಿಯರಲ್ಲಿ ಕಾಲೇಜು ಮೆಟ್ಟಿಲನ್ನು ಹತ್ತಿದ ಎಷ್ಟೋ ಮಂದಿ ಈ ಎಫ್. ಎ.ಯ ಭಯವನ್ನು ಉಂಡವರೇ. ಇಂದು ನಿಮಗೆ ಹನ್ನೊಂದನೆಯ ತರಗತಿಯಲ್ಲಿ ಎರಡು ಭಾಷೆಗಳು ಮಾತ್ರ ಎಲ್ಲರಿಗೂ ಸಮಾನ. ಮಿಕ್ಕ ನಾಲ್ಕು ವಿಷಯಗಳು ಗ್ರೂಪಿಗೆ ತಕ್ಕಂತೆ. ಆಗ ಆರಿಸಿಕೊಳ್ಳುವ ಮಾತೇ ಇರಲಿಲ್ಲ.

ಕಾಲೇಜಿನಲ್ಲಿ ಯಾವ ಪಾಠ ನಡೆಯುತ್ತಿದ್ದರೂ ರಾಮಾನುಜನ್ನರು ತಮ್ಮ ಲೆಕ್ಕಗಳಲ್ಲಿಯೇ ಮಗ್ನರಾಗಿರುತ್ತಿದ್ದರು. ಇಂಗ್ಲಿಷ್ ರಚನೆಯಲ್ಲಿ ತಪ್ಪಿದರು, ವಿದ್ಯಾರ್ಥಿವೇತನ ಹೋಯಿತು. ದಕ್ಷಿಣ ಭಾರತದ ಕೇಂಬ್ರಿಜ್ ಎಂದು ಹೆಸರಾಗಿದ್ದ ಕಾಲೇಜು ಅದು. ನಿಜವಾದ ಕೇಂಬ್ರಿಜ್ ಕರೆದು ಮನ್ನಿಸಲಿದ್ದ ವಿದ್ಯಾರ್ಥಿಯನ್ನು ಅದು ಉಳಿಸಿಕೊಳ್ಳಲಾರದೆ ಹೋಯಿತು. ಫೀಸು ಕೊಡಲು ಗತಿಯಿಲ್ಲದೆ, ತಂದೆತಾಯಿಗಳಿಗೆ ಮುಖ ತೋರಿಸಲು ನಾಚಿ, 1905ರಲ್ಲಿ ಅವರು ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೊರಟುಹೋದರು. ಮನೆಯವರು ಹುಡುಕಿಸಿದ ಮೇಲೆ ಹಿಂದಿರುಗಿದರು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿ ಮತ್ತೊಮ್ಮೆ ಪ್ರಯತ್ನಿಸಿದರು. ಅಲ್ಲಿಯ ಗಣಿತದ ಅಧ್ಯಾಪಕರಿಗೆ ಇವರಲ್ಲಿ ಬಹಳ ಮೆಚ್ಚುಗೆ. ಆದರೆ ಶರೀರಶಾಸ್ತ್ರ ಇವರಿಗೆ ಒಗ್ಗಲೇ ಇಲ್ಲ. ನಡುವೆ ಕಾಯಿಲೆಯೂ ಬಿದ್ದಿತು. ಆ ವರ್ಷವೂ ಸೋಲು. 1907ರಲ್ಲಿ ಖಾಸಗಿಯಾಗಿ ಕುಳಿತಾಗ ಗಣಿತದಲ್ಲಿ ಮಾತ್ರ ಉತ್ತೀರ್ಣರಾಗಿ ಉಳಿದೆಲ್ಲದರಲ್ಲಿಯೂ ಅನುತ್ತೀರ್ಣರಾದರು. ಅಲ್ಲಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು.

ಇಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಮಾತನ್ನು ಹೇಳದಿರಲಾಗದು. ಅದೇ ವರ್ಷಗಳಲ್ಲಿ ತ್ರಿಪ್ಲಿಕೇನಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, ಸಮುದ್ರತೀರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ರಾಮಾನುಜನ್ನರಿಗಿಂತ ಒಂದು ವರ್ಷ ಚಿಕ್ಕವರಾದ ಚಂದ್ರಶೇಖರ ವೆಂಕಟರಾಮನ್ ಓದುತ್ತಿದ್ದರು. ರಾಮಾನುಜನ್ ಎಫ್. ಎ.ಗೆ ಸೇರಿದ 1904ರಲ್ಲಿಯೇ ಅವರು ಬಿ. ಎ. ಮುಗಿಸಿ ಭೌತಶಾಸ್ತ್ರದಲ್ಲಿ ಚಿನ್ನದ ಪದಕವನ್ನು ಪಡೆದರು, 1907ರಲ್ಲಿ ಎಂ. ಎ. ಆಯಿತು. ಅವರ ಮನಸ್ಸೂ ಒಂದೇ ವಿಷಯದಲ್ಲಿ ನೆಟ್ಟಿದ್ದಿತು. ಆದರೂ ವಿಜ್ಞಾನದಿಂದ ಹೊಟ್ಟೆ ಹೊರೆಯುವ ಉದ್ಯೋಗ ಆಗ ಇಲ್ಲಿರಲಿಲ್ಲವಾಗಿ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಚರಿತ್ರೆ, ಅರ್ಥಶಾಸ್ತ್ರ ಮುಂತಾದ, ತಮ್ಮದಲ್ಲದ ವಿಷಯಗಳನ್ನು ಓದಿ, ಮೊದಲಿಗರಾಗಿ ತೇರ್ಗಡೆ ಹೊಂದಿ, ಕಲ್ಕತ್ತೆಯಲ್ಲಿ ದೊಡ್ಡ ಸಂಬಳದ ಅಧಿಕಾರಿಯಾದರು. ಕಚೇರಿಯ ಹೊತ್ತು ಮುಗಿದ ಮೇಲೆ ಪ್ರಯೋಗಶಾಲೆಗೆ ಹೋಗುತ್ತಿದ್ದರು. ಹತ್ತು ವರ್ಷಗಳನಂತರ, 1917ರಲ್ಲಿ, ಆ ಕೆಲಸವನ್ನು ಬಿಟ್ಟು ಕಡಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಹೋದರು. 1933ರಲ್ಲಿ ಬೆಂಗಳೂರಿಗೆ ಬಂದು ನಮ್ಮವರೇ ಆಗಿ ನೆಲೆಸಿದ ಸರ್ ಸಿ. ವಿ. ರಾಮನ್ ಇವರೇ. ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ರುಚಿಸದ ಪಾಠವನ್ನು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದಿ ಮುಗಿಸುವ ಶಕ್ತಿ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಮುಂದಿನ ವರ್ಷಗಳು ತೋರಿಸುತ್ತವೆ.

1907ರಿಂದ 1912ರವರೆಗೆ ರಾಮಾನುಜನ್ನರಿಗೆ ಪದವಿಯೂ ಇಲ್ಲ, ನೌಕರಿಯೂ ಇಲ್ಲ. 1909ರಲ್ಲಿ ಜಾನಕಿಯೆಂಬ ಹುಡುಗಿಯೊಡನೆ ಮದುವೆಯಾಯಿತು. ಹುಡುಗರಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸೋಣವೆಂದರೆ, ಪಠ್ಯಕ್ರಮವನ್ನು ದಾಟಿ ಎಲ್ಲಿಯೋ ಹೊರಟುಹೋಗುವ ಉಪಾಧ್ಯಾಯರನ್ನು ಯಾರು ಇಟ್ಟುಕೊಂಡಾರು? ನೋಟುಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಅವರು ಒಬ್ಬ ದೊಡ್ಡವರಿಂದ ಇನ್ನೊಬ್ಬ ದೊಡ್ಡವರ ಬಳಿಗೆ ಅಲೆದರು. 1910ರಲ್ಲಿ ಭಾರತೀಯ ಗಣಿತ ಸಂಘದ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು ಸಣ್ಣ ಗುಮಾಸ್ತಗಿರಿಯೊಂದನ್ನು ಬೇಡಿದರು. ನೋಟುಪುಸ್ತಕವನ್ನು ತಿರುವಿನೋಡಿದ ಅವರು, ಇಂತಹ ಬುದ್ಧಿಯನ್ನು ತಾಲ್ಲೂಕು ಕಚೇರಿಯಲ್ಲಿ ಹೂಳಲು ಮನಸ್ಸಾಗದೆ, ಪರಿಚಯಪತ್ರ ಕೊಟ್ಟು ಮದರಾಸಿಗೆ ಕಳುಹಿಸಿದರು. ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರರಾಯರು ಕೆಲವು ಕಾಲ ತಮ್ಮ ಕೈಯಿಂದಲೇ ತಿಂಗಳಿಗೆ 25 ರೂಪಾಯಿ ಕೊಟ್ಟು ಪೋಷಿಸಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಕುರಿತ ಮೊದಲ ಪ್ರಬಂಧ ಅಚ್ಚಾಯಿತು. ಆಗ ಅವರ ಬಿಡಾರ ತ್ರಿಪ್ಲಿಕೇನಿನ ‘ಸಮ್ಮರ್ ಹೌಸ್’ ಎಂಬ ಕಟ್ಟಡದಲ್ಲಿ. ಅಲ್ಲಿಂದಲೇ 1912ರ ಫೆಬ್ರವರಿಯಲ್ಲಿ ಮದರಾಸು ಪೋರ್ಟ್ ಟ್ರಸ್ಟಿಗೆ ಅರ್ಜಿ ಬರೆದರು. ತಾವು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್. ಎ.ವರೆಗೆ ಓದಿ, ಪ್ರತಿಕೂಲ ಸಂದರ್ಭಗಳಿಂದ ನಿಲ್ಲಿಸಬೇಕಾಯಿತೆಂದು ಅದರಲ್ಲಿ ತಿಳಿಸಿದ್ದಾರೆ. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತಗಿರಿ ದೊರೆಯಿತು.

ಕಚೇರಿಯ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತವನ್ನು ಬಲ್ಲವರಾಗಿದ್ದುದು ರಾಮಾನುಜನ್ನರ ಪುಣ್ಯ. 1913ರ ಜನವರಿ 16ರಂದು ಕೇಂಬ್ರಿಜ್ಜಿನ ಜಿ. ಎಚ್. ಹಾರ್ಡಿ ಎಂಬ ವಿದ್ವಾಂಸರಿಗೆ ರಾಮಾನುಜನ್ ತಮ್ಮ ಫಲಗಳನ್ನು ಬರೆದು ಕಳುಹಿಸಿದರು. ಅದನ್ನು ಕಂಡು ಹಾರ್ಡಿ ಬೆರಗಾದ ಕಥೆ ನಿಮಗೆಲ್ಲ ತಿಳಿದದ್ದೇ. 1729 ಎಂಬ ಸಂಖ್ಯೆಯ ಕಥೆಯಂತೂ ಚಿಕ್ಕ ಮಕ್ಕಳಿಗೂ ಗೊತ್ತು. ಅವನ್ನು ಮತ್ತೆ ಹೇಳುವುದಿಲ್ಲ. ನಮಗಿಲ್ಲಿ ಮುಖ್ಯವಾದುದು ಅದೇ ವರ್ಷ ಮದರಾಸಿನಲ್ಲಿ ನಡೆದ ಸಂಗತಿ. ರಾಮಾನುಜನ್ನರಿಗೆ ಸಂಶೋಧನ ವೇತನ ಕೊಡಬೇಕೆಂದು ಗಣಿತದ ಪಠ್ಯಸಮಿತಿ ಶಿಫಾರಸು ಮಾಡಿದಾಗ ನಿಯಮ ಅಡ್ಡ ಬಂದಿತು: ವೇತನ ಪದವೀಧರರಿಗೆ ಮಾತ್ರ. ಎಫ್. ಎ.ಯೂ ಆಗದವರಿಗೆ ಕೊಡುವುದೆಂತು? ಸಂಶೋಧನೆಯನ್ನು ಬೆಳೆಸುವುದು ವಿಶ್ವವಿದ್ಯಾನಿಲಯದ ಉದ್ದೇಶಗಳಲ್ಲೊಂದೆಂದು ಅದರ ಶಾಸನವೇ ಹೇಳುತ್ತದೆಂಬ ವಾದವನ್ನು ಎತ್ತಿಹಿಡಿದು ಸಿಂಡಿಕೇಟಿನವರು ವೇತನವನ್ನು ಮಂಜೂರು ಮಾಡಿದರು. ಮೇ 1ರಿಂದ ಎರಡು ವರ್ಷದ ಅವಧಿ. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ರಾಮಾನುಜನ್ ಹನುಮಂತರಾಯನ್ ಕೋಯಿಲ್ ಬೀದಿಯ ಮನೆಗೆ ಬಂದುದು ಆಗಲೇ. ಒಬ್ಬ ವಿದ್ಯಾರ್ಥಿಗಾಗಿ ನಿಯಮವನ್ನು ಸಡಿಲಿಸಲು ಒಬ್ಬ ಕಲೆಕ್ಟರು, ಬಂದರಿನ ಅಧ್ಯಕ್ಷರು, ಕಾಲೇಜಿನ ಪ್ರಾಧ್ಯಾಪಕರು, ಸಿಂಡಿಕೇಟಿನ ಸದಸ್ಯರು, ಸಮುದ್ರದಾಚೆಯ ವಿದ್ವಾಂಸರು ಇಷ್ಟು ಮಂದಿ ಕೈಗೂಡಿಸಬೇಕಾಯಿತು. ಅದೇ ಬೆಂಚಿನಲ್ಲಿ ಕುಳಿತು ಸೋತ ಮಿಕ್ಕವರಿಗೆ ಅಷ್ಟು ಮಂದಿ ದೊರೆತಿರಲಾರರು.

1914ರ ಮಾರ್ಚ್ 17ರಂದು ‘ನೆವಾಸಾ’ ಎಂಬ ಹಡಗಿನಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಹಾರ್ಡಿಯವರಿಗೆ ವಿಚಿತ್ರವಾದ ತೊಡಕೊಂದು ಎದುರಾಯಿತು. ಯೂರೋಪಿನ ಮಹಾಪಂಡಿತರಿಗೂ ಹೊಳೆಯದ ಫಲಗಳನ್ನು ಕಂಡುಕೊಂಡಿದ್ದ ಈ ಮನುಷ್ಯರಿಗೆ, ಗಣಿತದ ಪದವಿಗಾಗಿ ಓದುವ ವಿದ್ಯಾರ್ಥಿಗಳು ಬಲ್ಲ ಎಷ್ಟೋ ಅಂಶಗಳು ತಿಳಿದಿರಲಿಲ್ಲ. ಕಟ್ಟುನಿಟ್ಟಾದ ಸಾಧನೆಯೆಂದರೇನೆಂಬ ಕಲ್ಪನೆಯೇ ಅಸ್ಪಷ್ಟವಾಗಿದ್ದಿತು. ಎಲ್ಲವನ್ನೂ ಕ್ರಮವಾಗಿ ಕಲಿಸಹೊರಟರೆ ಅವರ ಸಹಜ ಪ್ರತಿಭೆಯೇ ಕುಗ್ಗೀತು. ಕಲಿಸದಿದ್ದರೆ ತಪ್ಪು ಹೆಜ್ಜೆಗಳು ಉಳಿದುಬಿಡುವುವು. ಹಾರ್ಡಿ ಅಂಜುತ್ತಂಜುತ್ತಲೇ ಸ್ವಲ್ಪ ಸ್ವಲ್ಪವಾಗಿ ಕಲಿಸಿದರು.

ಇಬ್ಬರೂ ಕೂಡಿ ಮಾಡಿದ ಕೆಲಸದಲ್ಲಿ ಒಂದನ್ನು ನೀವೂ ತಿಳಿಯಬಹುದು. 4 ಎಂಬ ಸಂಖ್ಯೆಯನ್ನು ಎಷ್ಟು ವಿಧವಾಗಿ ಒಡೆದು ಕೂಡಿಸಬಹುದು? 4, 3+1, 2+2, 2+1+1, 1+1+1+1. ಒಟ್ಟು 5 ವಿಧ. 100ನ್ನು ಎಷ್ಟು ವಿಧವಾಗಿ ಒಡೆಯಬಹುದು? 19,05,69,292 ವಿಧವಾಗಿ. ಬರೆದು ಎಣಿಸುತ್ತ ಕುಳಿತರೆ ಜನ್ಮ ಸಾಲದು. ದೊಡ್ಡ ಸಂಖ್ಯೆಗಳಿಗೂ ಈ ಎಣಿಕೆಯನ್ನು ಅತಿ ಸಮೀಪವಾಗಿ ಕೊಡುವ ಸೂತ್ರವನ್ನು ಅವರಿಬ್ಬರೂ 1918ರಲ್ಲಿ ಪ್ರಕಟಿಸಿದರು. ಪ್ರಶ್ನೆ ಮೂರನೆಯ ತರಗತಿಯ ಮಗುವಿನದು. ಉತ್ತರಕ್ಕೆ ಅಂತಹ ಇಬ್ಬರು ಬೇಕಾದರು!

1916ರ ಮಾರ್ಚಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಅವರ ಸಂಶೋಧನೆಗಾಗಿಯೇ ಬಿ. ಎ. ಪದವಿಯನ್ನು ಕೊಟ್ಟಿತು. ಶರೀರಶಾಸ್ತ್ರವನ್ನೂ ರೋಮಿನ ಚರಿತ್ರೆಯನ್ನೂ ಅಲ್ಲಿ ಯಾರೂ ಕೇಳಲಿಲ್ಲ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಆ ಗೌರವವನ್ನು ಪಡೆದ ಎರಡನೆಯ ಭಾರತೀಯರು ಅವರು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋಶಿಪ್ಪೂ ಬಂದಿತು. ಅಷ್ಟರಲ್ಲಿ ಯುದ್ಧಕಾಲದ ಅಭಾವ, ಸಸ್ಯಾಹಾರದ ತೊಂದರೆ, ಚಳಿ, ಒಂಟಿತನ ಎಲ್ಲವೂ ಸೇರಿ ದೇಹವನ್ನು ಹಣ್ಣುಮಾಡಿದ್ದವು.

ರಾಮಾನುಜನ್ನರ ಅಕಾಲಮರಣಕ್ಕೆ ನಾವೆಲ್ಲ ಮರುಗುತ್ತೇವೆ. ಹಾರ್ಡಿಯವರ ಅಭಿಪ್ರಾಯವೇ ಬೇರೆ. ಗಣಿತಜ್ಞನ ಬುದ್ಧಿ ಅತ್ಯಂತ ಚುರುಕಾಗಿರುವ ಪ್ರಾಯದಲ್ಲಿ, ಮಾರ್ಗದರ್ಶನವಿಲ್ಲದೆ, ಇತರರು ಹಿಂದೆಯೇ ಕಂಡುಹಿಡಿದಿದ್ದುದನ್ನು ಮತ್ತೆ ಕಂಡುಹಿಡಿಯುತ್ತ ಕಳೆದ ಆ ಐದು ವರ್ಷಗಳೇ ನಿಜವಾದ ದುರಂತವೆಂದು ಅವರು ಭಾವಿಸಿದ್ದರು. ನಾನು ಈ ಮಾತನ್ನು ಬಹಳವಾಗಿ ಯೋಚಿಸಿದ್ದೇನೆ. ಒಂದೇ ವಿಷಯದಲ್ಲಿ ಜಾಣನಾದ ಮಗುವಿಗೆ ಜಾಗವಿಲ್ಲದಂತೆ ಕಟ್ಟಿದ ವ್ಯವಸ್ಥೆಯ ತಪ್ಪು ಅಲ್ಲಿ ದೊಡ್ಡದು. ಆದರೂ, ಎಫ್. ಎ.ಯ ಉಳಿದ ಪಾಠಗಳನ್ನು ನುಂಗಿಕೊಂಡಿದ್ದರೆ ಆ ವರ್ಷಗಳು ಬಿ. ಎ. ತರಗತಿಯಲ್ಲಿ, ಒಳ್ಳೆಯ ಪುಸ್ತಕಾಲಯದ ನಡುವೆ ಕಳೆಯುತ್ತಿದ್ದವಲ್ಲವೇ ಎಂಬ ಸಂಕಟವೂ ಉಳಿಯುತ್ತದೆ. ನಿಮ್ಮಲ್ಲಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದು ಭಾಷೆಯ ಪುಸ್ತಕವನ್ನು ಮುಟ್ಟದವರು, ಚಿತ್ರಕಲೆಯಲ್ಲಿ ಮುಳುಗಿ ಗಣಿತಕ್ಕೆ ಬೆನ್ನು ತಿರುಗಿಸಿದವರು ಇದ್ದೀರಿ. ನಿಮ್ಮ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

1919ರ ಮಾರ್ಚಿನಲ್ಲಿ ರಾಮಾನುಜನ್ ಭಾರತಕ್ಕೆ ಹಿಂದಿರುಗಿದರು. 1920ರ ಏಪ್ರಿಲ್ 26ರಂದು ಮದರಾಸಿನ ಚೆಟ್‌ಪೇಟೆಯಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಹಾಸಿಗೆ ಹಿಡಿದಿದ್ದಾಗಲೂ ಲೆಕ್ಕ ಬಿಡಲಿಲ್ಲ. ಪತ್ನಿ ಜಾನಕಿ ಅಮ್ಮಾಳ್ ಹೊಲಿಗೆ ಕಲಿತು, ಬಟ್ಟೆ ಹೊಲಿದು ಜೀವನ ಸಾಗಿಸುತ್ತ, ತ್ರಿಪ್ಲಿಕೇನಿನಲ್ಲಿಯೇ ಬಹುಕಾಲ ಬಾಳಿ 1994ರಲ್ಲಿ ತೀರಿಕೊಂಡರು.

ಇಂಗ್ಲೆಂಡಿನಿಂದ ಹೊರಡುವುದಕ್ಕೆ ಮೊದಲು, 1919ರ ಜನವರಿಯಲ್ಲಿ, ಮದರಾಸು ವಿಶ್ವವಿದ್ಯಾನಿಲಯವು ತಮಗೆ ವರ್ಷಕ್ಕೆ 250 ಪೌಂಡುಗಳ ವೇತನವನ್ನು ಗೊತ್ತುಮಾಡಿದ ಸುದ್ದಿಗೆ ರಾಮಾನುಜನ್ ಒಂದು ಉತ್ತರ ಬರೆದಿದ್ದರು. ಅಷ್ಟು ಹಣ ತಮಗೆ ಬೇಡ. ವರ್ಷಕ್ಕೆ 50 ಪೌಂಡನ್ನು ತಂದೆತಾಯಿಗಳಿಗೆ ಕೊಟ್ಟು, ತಮ್ಮ ಅಗತ್ಯಕ್ಕೆ ಮಿಕ್ಕಿದುದನ್ನು ಬಡ ಹುಡುಗರ ಮತ್ತು ಅನಾಥರ ಶಾಲಾ ಫೀಸನ್ನು ಕಡಮೆ ಮಾಡುವುದಕ್ಕೂ ಶಾಲೆಗಳಿಗೆ ಪುಸ್ತಕ ಕೊಳ್ಳುವುದಕ್ಕೂ ಉಪಯೋಗಿಸಬೇಕೆಂದು ಅದರಲ್ಲಿ ಕೇಳಿಕೊಂಡಿದ್ದಾರೆ.