ಸರ್ ಸಿ. ವಿ. ರಾಮನ್: ಬರಿಗಣ್ಣಿನ ವಿಜ್ಞಾನ, ಬಾಲ್ಯದ ಬೆರಗು

ಚೆನ್ನೈ ಮಹಾನಗರದ ತ್ರಿಪ್ಲಿಕೇನ್ ಪ್ರದೇಶವು ಪಾರ್ಥಸಾರಥಿ ದೇವಾಲಯದಿಂದ ಭಕ್ತರಿಗೆ ಪರಿಚಿತವಾಗಿರುವಂತೆ, ಅದಕ್ಕೆ ಹೊಂದಿಕೊಂಡ ಕಡಲಂಚಿನ ವಿದ್ಯಾಸಂಸ್ಥೆಗಳಿಂದ ವಿದ್ವಜ್ಜನರಿಗೆ ಪರಿಚಿತವಾಗಿದೆ. 1840ರಲ್ಲಿ ಆರಂಭವಾದ ಪ್ರೆಸಿಡೆನ್ಸಿ ಕಾಲೇಜು ಅಂತಹ ಸಂಸ್ಥೆಗಳಲ್ಲೊಂದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದರ ತರಗತಿಗೆ ಬಂದು ಕುಳಿತ ಕೃಶಕಾಯದ ಬಾಲಕನೇ ಮುಂದೆ ವಿಶ್ವವಿಖ್ಯಾತರಾದ ಚಂದ್ರಶೇಖರ ವೆಂಕಟರಾಮನ್.

ರಾಮನ್ ಅವರು ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕ್ಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ಬಾಲ್ಯ ಕಳೆದದ್ದು ವಿಶಾಖಪಟ್ಟಣದಲ್ಲಿ. ಮನೆಯಲ್ಲಿ ತಂದೆಯ ವಿಜ್ಞಾನ ಗ್ರಂಥಗಳೂ ಸಂಗೀತದ ವಾತಾವರಣವೂ ಇದ್ದವು. ಹನ್ನೊಂದರ ವಯಸ್ಸಿನಲ್ಲೇ ಅವರು ಮೆಟ್ರಿಕ್ಯುಲೇಷನ್ ಮುಗಿಸಿದರು. 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಪ್ರಥಮರಾಗಿ ಭೌತವಿಜ್ಞಾನದಲ್ಲಿ ಚಿನ್ನದ ಪದಕ ಪಡೆದರು, 1907ರಲ್ಲಿ ಎಂ.ಎ. ಪದವೀಧರರಾದರು.

ಈ ಪದವಿಗಳಿಗಿಂತ ಗಮನಾರ್ಹವಾದುದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಗಾಜಿನ ಪಟ್ಟಕದ ಕೋನವನ್ನು ಅಳೆಯುವುದು ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡುತ್ತಿದ್ದ ಪ್ರಯೋಗ. ಎಲ್ಲರೂ ಅಂಕಿಗಳನ್ನು ಬರೆದುಕೊಂಡು ಮುಂದೆ ಸಾಗುತ್ತಿದ್ದರೆ, ಓರೆಯಾಗಿ ಬಿದ್ದ ಬೆಳಕಿನ ಪಟ್ಟೆಗಳು ಎರಡೂ ಬದಿಗಳಲ್ಲಿ ಸಮನಾಗಿಲ್ಲವೆಂಬುದು ರಾಮನ್ ಅವರ ಕಣ್ಣಿಗೆ ಬಿತ್ತು. ಅದರ ಕಾರಣವನ್ನು ಅವರು ಸ್ವತಂತ್ರವಾಗಿ ಶೋಧಿಸಿದರು. ಆ ಲೇಖನ 1906ರ ನವೆಂಬರಿನಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ ಹದಿನೆಂಟು ವರ್ಷ.

ಇಷ್ಟಾದರೂ ವಿಜ್ಞಾನದ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ದುರ್ಬಲ ದೇಹಸ್ಥಿತಿಯ ಕಾರಣದಿಂದ ಇಂಗ್ಲೆಂಡಿಗೆ ಹೋಗಲು ವೈದ್ಯರ ಒಪ್ಪಿಗೆ ದೊರೆಯಲಿಲ್ಲ. ಸ್ವದೇಶದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ಸ್ವೀಕರಿಸುವ ಅವಕಾಶ ಅತಿ ವಿರಳವಾಗಿತ್ತು. 1907ರಲ್ಲಿ ಲೋಕಸುಂದರಿಯವರನ್ನು ವಿವಾಹವಾಗಿ, ಹಣಕಾಸು ಇಲಾಖೆಯ ಅಧಿಕಾರಿಯಾಗಿ ಅವರು ಕಲ್ಕತ್ತೆಗೆ ತೆರಳಿದರು. ಹಗಲು ಕಚೇರಿಯ ಲೆಕ್ಕಪತ್ರ. ಕಚೇರಿಯ ಮುನ್ನ ಮತ್ತು ಅನಂತರದ ವೇಳೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಶಾಲೆ. ಹತ್ತು ವರ್ಷಗಳ ತರುವಾಯ, 1917ರಲ್ಲಿ, ಹೆಚ್ಚಿನ ಸಂಬಳದ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಸ್ಥಾನವನ್ನು ಅವರು ವಹಿಸಿಕೊಂಡರು.

ರಾಮನ್ ಅವರ ಸಂಶೋಧನೆಗಳ ಮೂಲವೆಲ್ಲ ಮಕ್ಕಳೂ ಕೇಳಬಹುದಾದ ಪ್ರಶ್ನೆಗಳಲ್ಲಿದೆ. ಮೃದಂಗದ ನಾದ ಬೇರೆ ಚರ್ಮವಾದ್ಯಗಳಿಗಿಂತ ಏಕೆ ಇಂಪು? ಅವರು ಚರ್ಮದ ಮೇಲೆ ನಯವಾದ ಮರಳನ್ನು ಉದುರಿಸಿ ಬಾರಿಸಿದಾಗ, ಕಂಪಿಸದ ರೇಖೆಗಳಲ್ಲಿ ಮರಳು ಸಾಲುಗಟ್ಟಿ ನಿಂತಿತು. ನಡುವಿನ ಕಪ್ಪು ಲೇಪವೇ ಸ್ವರಗಳನ್ನು ಹೊಂದಿಸುತ್ತದೆಂಬುದು ಸಿದ್ಧವಾಯಿತು. ಕಡಲು ಏಕೆ ನೀಲಿ? 1921ರಲ್ಲಿ ಯೂರೋಪಿನಿಂದ ಹಿಂದಿರುಗುವಾಗ ಹಡಗಿನ ಮೇಲೆ ನಿಂತು, ನಿಕೊಲ್ ಪಟ್ಟಕದ ಮೂಲಕ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ಅವರು ತಡೆದು ನೋಡಿದರು. ಆದರೂ ನೀಲಿ ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂಬ ತೀರ್ಮಾನ ಅಲ್ಲಿಂದ ಹೊರಟಿತು. ಅದೇ ಜಾಡಿನಲ್ಲಿ ಕೆ. ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಡನೆ ನಡೆಸಿದ ಪ್ರಯೋಗಗಳು 1928ರ ಫೆಬ್ರವರಿ 28ರಂದು ‘ರಾಮನ್ ಪರಿಣಾಮ’ದಲ್ಲಿ ಫಲಿಸಿದವು. ಮೊದಲ ಹಂತದ ಸಲಕರಣೆಗಳು ಬಿಸಿಲು, ಬಣ್ಣದ ಗಾಜು, ಶುದ್ಧ ದ್ರವ ಮತ್ತು ಬರಿಗಣ್ಣು. 1930ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದ ರಾಮನ್ ಅವರು ಕನ್ನಡ ನಾಡಿನವರೇ ಆದರು. 1948ರಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಸರ್ಕಾರದ ಅನುದಾನದ ಹಂಗಿಗೆ ಒಳಗಾಗದೆ ನಡೆಸಿದರು. ಅದರ ಸಂಗ್ರಹಾಲಯದಲ್ಲಿ ಹರಳುಗಳು, ಚಿಟ್ಟೆಗಳು, ಜೀರುಂಡೆಗಳು ತುಂಬಿದ್ದವು. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ಕಿರಣ ಬಿದ್ದೊಡನೆ ಮಂಕಾದ ಖನಿಜಗಳು ನಾನಾ ವರ್ಣಗಳಿಂದ ಬೆಳಗುತ್ತಿದ್ದವು. ಅಧಿಕಾರಸ್ಥರಿಂದ ದೂರವಿರಲು ಬಯಸುತ್ತಿದ್ದ ವಿಜ್ಞಾನಿಗೆ ಶಾಲಾಮಕ್ಕಳಿಗೆ ಇವನ್ನು ತೋರಿಸುವುದರಲ್ಲಿ ಎಣೆಯಿಲ್ಲದ ಹಿಗ್ಗು. 1970ರ ನವೆಂಬರ್ 21ರಂದು ಅವರು ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಒಂದು ಗಿಡವನ್ನು ನೆಡಲಾಯಿತು.

1987ರಿಂದ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನವಾಗಿದೆ. ಅಂದು ಭಾಷಣಗಳು ನಡೆಯುತ್ತವೆ, ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ ಪ್ರಾಥಮಿಕ ಶಾಲೆಯ ಮಗುವಿಗೆ ರಾಮನ್ ಅವರನ್ನು ಪರಿಚಯಿಸುವ ದಾರಿ ಬೇರೆಯಿದೆ. ಗಾಜಿನ ಲೋಟದ ನೀರಿಗೆ ಒಂದೆರಡು ಹನಿ ಹಾಲು ಬೆರೆಸಿ, ಕತ್ತಲೆಯಲ್ಲಿ ಟಾರ್ಚಿನ ಬೆಳಕು ಹಾಯಿಸಿದರೆ ಪಕ್ಕದಿಂದ ನೋಡುವವರಿಗೆ ನೀಲಿಯ ಛಾಯೆಯೂ ಎದುರಿನಿಂದ ನೋಡುವವರಿಗೆ ಕೆಂಪಿನ ಛಾಯೆಯೂ ಕಾಣುತ್ತದೆ. ಇದು ರಾಮನ್ ಪರಿಣಾಮವಲ್ಲ. ಅದಕ್ಕೆ ದಾರಿ ತೋರಿದ ಪ್ರಶ್ನೆಯ ಹೊಸ್ತಿಲು. ನೊಬೆಲ್ ಪಡೆದ ವರ್ಷವನ್ನು ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದೊಡನೆ ಅದನ್ನು ಮರೆಯಬಹುದು. ಲೋಟದ ನೀರಿನಲ್ಲಿ ತಾನೇ ಆಕಾಶದ ಬಣ್ಣ ಕಂಡ ಮಗು ಮರುದಿನ ಇನ್ನೊಂದು ಪ್ರಶ್ನೆಯೊಡನೆ ಶಾಲೆಗೆ ಬರುತ್ತದೆ. ಪ್ರೆಸಿಡೆನ್ಸಿ ಕಾಲೇಜಿನ ಆ ಹುಡುಗನಿಗೆ ಸಲ್ಲಬೇಕಾದ ಗೌರವ ಇದೇ ಆಗಿದೆ.