ಫರ್ಡಿನೆಂಡ್ ದೊರೆ: ಗೆದ್ದ ರಾಜ್ಯ, ಬರಿದಾದ ಮನೆ

ಕೊಲಂಬಸ್‌ನ ಪಾಠವನ್ನು ನಾವೆಲ್ಲ ಇದೇ ಶಾಲೆಯಲ್ಲಿ ಓದಿದವರು. ಅವನ ಯಾನಕ್ಕೆ ನೆರವಾದ ಸ್ಪೇನಿನ ದೊರೆ ಫರ್ಡಿನೆಂಡನ ಮನೆಯ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ.

1452ರಲ್ಲಿ ಅರಗಾನ್ ರಾಜ್ಯದ ಸೋಸ್ ಎಂಬ ಊರಿನಲ್ಲಿ ಹುಟ್ಟಿದ ಫರ್ಡಿನೆಂಡ್, 17ನೇ ವಯಸ್ಸಿನಲ್ಲಿ ಕ್ಯಾಸ್ಟೈಲಿನ ರಾಜಕುಮಾರಿ ಇಸಬೆಲ್ಲಾಳನ್ನು ಮದುವೆಯಾದ. ಅವಳ ಅಣ್ಣನಾದ ಅಲ್ಲಿನ ದೊರೆಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ. ವರ ಆಳಿನ ವೇಷದಲ್ಲಿ ಗಡಿ ದಾಟಿ ಬಂದಿದ್ದ. 1492ರಲ್ಲಿ ದಂಪತಿ ಗ್ರನಾಡ ಗೆದ್ದರು. ಅದೇ ವರ್ಷ, ಮತ ಬಿಡಲು ಒಪ್ಪದ ಯಹೂದಿಗಳನ್ನು ದೇಶದಿಂದ ಹೊರಹಾಕಿದರು.

ಐವರು ಮಕ್ಕಳಲ್ಲಿ ಒಬ್ಬನೇ ಮಗ ಹ್ವಾನ್. ಅವನು 1497ರಲ್ಲಿ, 19ನೇ ವಯಸ್ಸಿಗೇ ತೀರಿಕೊಂಡ. ಮರುವರ್ಷ ಹಿರಿಮಗಳು ಹೆರಿಗೆಯಲ್ಲಿ ಹೋದಳು. ಅವಳ ಕೂಸು ಎರಡು ವರ್ಷ ತುಂಬುವ ಮೊದಲೇ ಹೋಯಿತು. 1504ರಲ್ಲಿ ಇಸಬೆಲ್ಲಾ ತೀರಿಕೊಂಡಾಗ ಕ್ಯಾಸ್ಟೈಲಿನ ಪಟ್ಟ ಎರಡನೇ ಮಗಳು ಹ್ವಾನಾಳಿಗೆ ಬಂತು. ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಹೇಳಿ ತಂದೆ 1509ರಲ್ಲಿ ಅವಳನ್ನು ತೋರ್ದೆಸಿಲ್ಯಾಸಿನ ಅರಮನೆಯಲ್ಲಿ ಬಂಧನದಲ್ಲಿಟ್ಟು ತಾನೇ ಆಳಿದ. 1516ರಲ್ಲಿ ಅವನು ಸತ್ತ ಮೇಲೆ ಪಟ್ಟವೇರಿದ ಅವಳ ಮಗ ಕಾರ್ಲೋಸ್ ಕೂಡ ತಾಯಿಯನ್ನು ಬಿಡಿಸಲಿಲ್ಲ. 1555ರಲ್ಲಿ ಅವಳು ಅಲ್ಲೇ ಕಣ್ಣು ಮುಚ್ಚಿದಳು.

1492 ಎಂಬ ಇಸವಿಯನ್ನು ಬಾಯಿಪಾಠ ಮಾಡಿ ನಾವು ಅಂಕ ಪಡೆದೆವು. ಈಗ ಆ ಇಸವಿ ಕಂಡಾಗಲೆಲ್ಲ ನನಗೆ ನೆನಪಾಗುವುದು ಹಡಗಲ್ಲ, ನಲವತ್ತಾರು ವರ್ಷ ಬಾಗಿಲು ತೆರೆಯದ ಆ ಮಗಳ ಕೋಣೆ.