ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ ಚರಂತಿಮಠ ಹಾಗೂ ನೀಲಮ್ಮ ದಂಪತಿಗಳಿಗೆ 1892ರಲ್ಲಿ ಜನಿಸಿದ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದ ಮಹನೀಯರು. ಅವರಿಗೆ ದೃಷ್ಟಿಯಿರಲಿಲ್ಲ, ಸಹೋದರ ಗುರುಬಸಯ್ಯನವರಿಗೂ ಇರಲಿಲ್ಲ. ಬಡಮನೆಯ ಅಂಧ ಮಕ್ಕಳಿಗೆ ಭಿಕ್ಷೆಯೊಂದೇ ಗತಿಯೆಂದು ಲೋಕವು ಬಗೆದಿದ್ದ ಕಾಲವದು.

ಪರಮಪೂಜ್ಯ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಆ ಮಕ್ಕಳಲ್ಲಿ ಇಲ್ಲದ ಕಣ್ಣನ್ನು ಎಣಿಸದೆ, ಇದ್ದ ಕಂಠವನ್ನು ಗುರುತಿಸಿದರು. ಸಂಗೀತವೇ ಇವರಿಗೆ ತಕ್ಕ ಸಾಧನವೆಂದು ನಿರ್ಣಯಿಸಿ ಶಿಕ್ಷಣದ ಹೊಣೆ ಹೊತ್ತರು. ಗದಿಗೆಯ್ಯನವರು ಮೊದಲು ಕರ್ನಾಟಕ ಪದ್ಧತಿಯನ್ನೂ ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಅಭ್ಯಸಿಸಿ ಉಭಯಗಾನ ವಿಶಾರದರೆನಿಸಿದರು.

ಪ್ಯಾರಿಸ್ಸಿನ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯನ್ನು 1829ರಲ್ಲಿಯೇ ಪ್ರಕಟಿಸಿದ್ದನು. ಮೈಸೂರಿನಲ್ಲಿ 1901ರಲ್ಲಿ ಅಂಧರ ಶಾಲೆಯೂ ಆರಂಭವಾಗಿತ್ತು. ಆದರೆ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಪದ್ಧತಿಯು ಅಂಗೀಕೃತವಾದುದು 1951ರಲ್ಲಿ. ಅಷ್ಟರಲ್ಲಿ ಗವಾಯಿಗಳವರು ಲಿಂಗೈಕ್ಯರಾಗಿ ಏಳು ವರ್ಷಗಳು ಸಂದಿದ್ದವು. ಅವರ ವಿದ್ಯೆಯೆಲ್ಲವೂ ಗುರುಮುಖದಿಂದ ಕಿವಿಗೆ, ಕಿವಿಯಿಂದ ಕಂಠಕ್ಕೆ ಇಳಿದುದು.

ನಮ್ಮ ರೋಣ ಸೀಮೆಯ ನಿಡಗುಂದಿಕೊಪ್ಪದಲ್ಲಿ 1914ರಲ್ಲಿ ಶಿವಯೋಗಮಂದಿರದ ಶಾಖೆಯಾಗಿ ಮೊಳೆತ ಸಂಗೀತ ಶಾಲೆಯು ಅವರ ಕಾರ್ಯಕ್ಕೆ ಮೊದಲ ನೆಲೆಯಾಯಿತು. ಇದು ಈ ಭಾಗದವರು ಹೆಮ್ಮೆಪಡಬೇಕಾದ ಸಂಗತಿ. ಆದರೂ ನಮ್ಮಲ್ಲಿ ಎಷ್ಟೋ ಜನ ಇದನ್ನು ಮರೆತಿದ್ದಾರೆ. ಅಂಧ ಬಾಲಕರಿಗೆ ವಾದ್ಯವೆಂಬುದು ಬರಿಯ ವಾದ್ಯವಲ್ಲ. ಹಾರ್ಮೋನಿಯಂನ ಕರಿಯ ಪಟ್ಟಿಗಳು ಉಬ್ಬಿಕೊಂಡು, ಎರಡೆರಡಾಗಿ ಮೂರುಮೂರಾಗಿ ಗುಂಪುಗೂಡಿರುವುದರಿಂದ ಬೆರಳು ತನ್ನ ಸ್ಥಾನವನ್ನು ತಾನೇ ಅರಿಯುತ್ತದೆ. ತಬಲಾದ ಅಂಚು, ಬಯಲು, ಕರಣೆ ಮೂರೂ ಸ್ಪರ್ಶಕ್ಕೆ ಬೇರೆಬೇರೆ; ಬಾಯಿಯಿಂದ ನುಡಿಯುವ ಬೋಲುಗಳೇ ಅದರ ಲಿಪಿ. ಪಿಟೀಲು, ಸಾರಂಗಿಗಳಲ್ಲಿ ಮೆಟ್ಟಿಲುಗಳಿಲ್ಲ. ಅಲ್ಲಿ ಕಿವಿಯೇ ದಾರಿ ತೋರಬೇಕು. ಒಬ್ಬನಿಗೆ ಒಗ್ಗಿದ ವಾದ್ಯ ಮತ್ತೊಬ್ಬನಿಗೆ ಒಗ್ಗಲಾರದು. ಇಂದು ಓದಿ ಹೇಳುವ ಗಣಕಯಂತ್ರಗಳನ್ನು ಶಾಲೆಗಳಿಗೆ ದಾನವಾಗಿ ಕೊಡುವವರು ಇದನ್ನು ಮನಗಾಣಬೇಕು. ಮಗುವಿನ ಕೈ, ಕಿವಿ, ಭಾಷೆಗಳನ್ನು ಪರೀಕ್ಷಿಸದೆ ಕೊಂಡ ಯಂತ್ರ ಕಪಾಟಿನಲ್ಲಿಯೇ ಉಳಿಯುತ್ತದೆ.

ಶಿಷ್ಯಸಮೂಹದ ಅನ್ನ, ವಸತಿಗಳ ಹೊರೆ ದೊಡ್ಡದಾಗಿತ್ತು. ಅದನ್ನು ನಿಭಾಯಿಸಲು ಗವಾಯಿಗಳವರು ನಾಟಕ ಮಂಡಳಿಯನ್ನೇ ಕಟ್ಟಿ ಊರೂರು ಸಂಚರಿಸಿದರು. ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವು ಸ್ಥಿರವಾಯಿತು. ಕಣ್ಣಿದ್ದ ಬಸವರಾಜ ರಾಜಗುರುಗಳೂ ಕಣ್ಣಿಲ್ಲದ ಪುಟ್ಟರಾಜರೂ ಒಬ್ಬನೇ ಗುರುವಿನ ಪಾದದಡಿ ಕಲಿತರು.

1944ರ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದ ಭಾರವು ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಗುರುವಿಗೆ ಒದಗದಿದ್ದ ಲಿಪಿಯನ್ನು ಶಿಷ್ಯರು ಕೈವಶ ಮಾಡಿಕೊಂಡರು. ಬ್ರೈಲ್ ಚುಕ್ಕೆಗಳನ್ನು ಬೆರಳಿಂದ ಓದುತ್ತ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು; ಹಿಂದಿಯಲ್ಲಿ ಬಸವಪುರಾಣವನ್ನೂ ಬರೆದರು. ಹಾಡುವುದನ್ನು ಮಾತ್ರ ಅವರು ಬಿಡಲಿಲ್ಲ.